ಗಾಯದ ಗಾತ್ರ, ಹಿಂಸೆಯ ಅಳತೆ

ವೈದ್ಯನು ರೋಗಿಯ ಮೈಮೇಲೆ ಶಸ್ತ್ರವನ್ನಿಟ್ಟಾಗ ಆಗುವ ನೋವು ಹಿಂಸೆಯೆನಿಸುತ್ತದೆಯೇ ಎಂಬ ಪ್ರಶ್ನೆಯನ್ನು ಜೈನ ಶಾಸ್ತ್ರಕಾರರು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ದುಃಖ, ಶೋಕ, ತಾಪ, ಆಕ್ರಂದನ, ವಧೆ ಮತ್ತು ಪರಿದೇವನಗಳನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದು ಅಸಾತಾವೇದನೀಯ ಕರ್ಮದ, ಎಂದರೆ ಮುಂದೆ ಜೀವನಿಗೆ ನೋವನ್ನೇ ಉಣಿಸುವ ಕರ್ಮದ ಆಸ್ರವಕ್ಕೆ ಕಾರಣವೆಂದು ಹೇಳುತ್ತದೆ. ಈ ಸೂತ್ರಗಳಿಗೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದ, ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಅದೇ ಸ್ಥಳದಲ್ಲಿ ಒಂದು ಆಕ್ಷೇಪವನ್ನು ತಾವೇ ಎತ್ತುತ್ತಾರೆ: ನೋವನ್ನುಂಟುಮಾಡುವುದೇ ಪಾಪಬಂಧಕ್ಕೆ ದಾರಿಯಾದರೆ, ತಲೆಗೂದಲನ್ನು ಕೈಯಿಂದಲೇ ಕೀಳುವ ಕೇಶಲೋಚ, ಉಪವಾಸ, ಬಿಸಿಲಿನಲ್ಲಿ ನಿಂತು ಮಾಡುವ ತಪಸ್ಸು ಇವನ್ನೆಲ್ಲ ಅರ್ಹಂತರ ಮತವೇ ಬೋಧಿಸುವುದು ಹೇಗೆ? ಇದಕ್ಕೆ ಅವರು ಕೊಡುವ ಉತ್ತರದಲ್ಲಿ ಒಬ್ಬ ವೈದ್ಯನು ಬರುತ್ತಾನೆ. ಪರಮಕರುಣೆಯುಳ್ಳ, ಮನಸ್ಸಿನಲ್ಲಿ ಯಾವ ಕಪಟವೂ ಇಲ್ಲದ ಆ ವೈದ್ಯನು ಮುನಿಯೊಬ್ಬರ ಮೈಮೇಲೆದ್ದ ಕುರುವನ್ನು ಸೀಳುತ್ತಾನೆ. ಮುನಿಗೆ ನೋವಾಗುವುದು ನಿಜ, ಆ ನೋವಿಗೆ ವೈದ್ಯನ ಕೈಯೇ ಕಾರಣವೆಂಬುದೂ ನಿಜ. ಆದರೂ ಹೊರಗಿನ ಆ ನಿಮಿತ್ತ ಮಾತ್ರದಿಂದ ಅವನಿಗೆ ಪಾಪಬಂಧವಾಗುವುದಿಲ್ಲ, ಏಕೆಂದರೆ ಅವನೊಳಗೆ ಕ್ರೋಧಾದಿ ಕಷಾಯಗಳ ಆವೇಶವಿಲ್ಲ.

ಒಂದು ರೋಗಕ್ಕೆ ಒಂದೇ ಶಸ್ತ್ರವಿದ್ದ ಕಾಲಕ್ಕೆ ಈ ಉತ್ತರ ಸಾಕಾಗಿತ್ತು. ಕುರುವನ್ನು ಸೀಳಬೇಕು, ಇಲ್ಲವೇ ಹಾಗೆಯೇ ಬಿಡಬೇಕು. ಮೂರನೆಯ ದಾರಿಯೊಂದು ವೈದ್ಯನ ಮುಂದಿರಲಿಲ್ಲ. ಅದೇ ರೋಗಕ್ಕೆ ದೊಡ್ಡ ಗಾಯದ ಚಿಕಿತ್ಸೆಯೂ ಗಾಯವೇ ಇಲ್ಲವೆನ್ನಬಹುದಾದ ಚಿಕಿತ್ಸೆಯೂ ಒಟ್ಟಿಗೆ ಲಭ್ಯವಿರುವಾಗ ಪೂಜ್ಯಪಾದರ ವೈದ್ಯನ ಸ್ಥಿತಿ ಬದಲಾಗುತ್ತದೆ. ಭಾವವೊಂದೇ ಹಿಂಸೆಯ ಅಳತೆಯಾದರೆ, ಕರುಣೆಯಿಂದಲೇ ಕತ್ತಿನ ಚರ್ಮವನ್ನು ಕೊಯ್ದು ಗ್ರಂಥಿಯನ್ನು ತೆಗೆದುಹಾಕುವ ವೈದ್ಯನಿಗೂ, ಅದೇ ಕರುಣೆಯಿಂದ ಬಾಯೊಳಗಿನ ಸಹಜ ರಂಧ್ರದ ಮೂಲಕ ನುಸುಳಿ ಅಡ್ಡಿಯನ್ನು ಮಾತ್ರ ತೆಗೆಯುವ ವೈದ್ಯನಿಗೂ ಧರ್ಮದ ದೃಷ್ಟಿಯಲ್ಲಿ ಯಾವ ಅಂತರವೂ ಇಲ್ಲವೆನ್ನಬೇಕಾಗುತ್ತದೆ. ಹೀಗೆ ಹೇಳಲು ಮನಸ್ಸು ಒಪ್ಪುವುದಿಲ್ಲ, ಆದರೆ ಒಪ್ಪದಿರುವುದಕ್ಕೆ ಕಾರಣವನ್ನು ಶಾಸ್ತ್ರದೊಳಗಿಂದಲೇ ತೋರಿಸಬೇಕಾಗುತ್ತದೆ. ಲಾಲಾಗ್ರಂಥಿಗಳ, ಎಂದರೆ ಬಾಯಿಯ ಜೊಲ್ಲನ್ನು ಸ್ರವಿಸುವ ಗ್ರಂಥಿಗಳ ಚಿಕಿತ್ಸೆಯಲ್ಲಿ ಕಳೆದ ಮೂರು ದಶಕಗಳಲ್ಲಿ ಆಗಿರುವ ಬದಲಾವಣೆಯು ಈ ಪರಿಶೀಲನೆಗೆ ಒದಗಿಬರುವಷ್ಟು ಸ್ಪಷ್ಟವಾದ ನಿದರ್ಶನ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳು ಈ ವಿಚಾರಕ್ಕೆ ಹೊರಗಿನವಲ್ಲ. ಜೈನಕಾಶಿಯೆನಿಸಿದ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯೂ ಭಟ್ಟಾರಕ ಪೀಠವೂ ಇವೆ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ಅಜಿಲ ಅರಸರು ನಿಲ್ಲಿಸಿದ ಬಾಹುಬಲಿಯೂ, ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿಯೂ ಇವೆ. ಜೈನ ಹೆಗ್ಗಡೆ ಮನೆತನದ ಆಡಳಿತದಲ್ಲಿರುವ ಶಿವಕ್ಷೇತ್ರವಾದ ಧರ್ಮಸ್ಥಳದಲ್ಲಿ ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ವಿಧ ದಾನಗಳು ಕ್ಷೇತ್ರದ ಲಕ್ಷಣವೆಂದೇ ಪ್ರಸಿದ್ಧವಾಗಿವೆ. ಔಷಧದಾನವೆಂಬ ಮಾತು ಇಲ್ಲಿ ಗ್ರಂಥದೊಳಗೆ ಉಳಿದಿಲ್ಲ, ದಿನಬಳಕೆಯ ಮಾತಾಗಿದೆ. ಆದ್ದರಿಂದ ಯಾವ ಔಷಧ, ಯಾವ ಶಸ್ತ್ರ, ಎಷ್ಟು ನೋವು ಎಂಬ ಪ್ರಶ್ನೆಗಳೂ ಇಲ್ಲಿಯ ಧರ್ಮವಿಚಾರದೊಳಗೆ ಸೇರಬೇಕಾದವೇ.

ಮನುಷ್ಯನ ಬಾಯಿಗೆ ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಲಾಲಾರಸ ಒದಗುತ್ತದೆ. ಇದರ ಬಹುಪಾಲನ್ನು ಕಿವಿಯ ಮುಂದಿರುವ ಕರ್ಣಮೂಲ ಗ್ರಂಥಿ, ಕೆಳದವಡೆಯ ಅಡಿಯಲ್ಲಿರುವ ಅಧೋಹನು ಗ್ರಂಥಿ, ನಾಲಿಗೆಯ ಕೆಳಗಿನ ಅಧೋಜಿಹ್ವಾ ಗ್ರಂಥಿ ಎಂಬ ಮೂರು ಜೊತೆಗಳು ಸ್ರವಿಸುತ್ತವೆ. ತುಟಿ, ಕೆನ್ನೆ, ಅಂಗುಳುಗಳಲ್ಲಿ ಹರಡಿರುವ ನೂರಾರು ಸಣ್ಣ ಗ್ರಂಥಿಗಳು ಉಳಿದುದನ್ನು ಪೂರೈಸುತ್ತವೆ. ದವಡೆಯ ಅಡಿಯ ಗ್ರಂಥಿಯಿಂದ ಹೊರಡುವ ನಾಳವನ್ನು ಇಂಗ್ಲೆಂಡಿನ ಥಾಮಸ್ ವಾರ್ಟನ್ 1656ರಲ್ಲಿ ವರ್ಣಿಸಿದುದರಿಂದ ಅದಕ್ಕೆ ಅವನ ಹೆಸರೇ ಉಳಿದಿದೆ. ಈ ನಾಳ ಉದ್ದವಾದುದು, ಕೆಳಗಿನಿಂದ ಮೇಲಕ್ಕೆ ಹರಿಯುವಂಥದು, ಮತ್ತು ಅದರೊಳಗಿನ ರಸ ಕರ್ಣಮೂಲ ಗ್ರಂಥಿಯ ರಸಕ್ಕಿಂತ ದಪ್ಪವಾಗಿದ್ದು ಹೆಚ್ಚು ಸುಣ್ಣಾಂಶವುಳ್ಳದ್ದು. ಲಾಲಾಗ್ರಂಥಿಯ ಕಲ್ಲುಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಇಲ್ಲಿಯೇ ಹುಟ್ಟುವುದಕ್ಕೆ ಈ ಕಾರಣಗಳನ್ನೇ ವೈದ್ಯರು ಹೇಳುತ್ತಾರೆ. ಕಲ್ಲೆಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಮತ್ತು ಕಾರ್ಬೊನೇಟುಗಳು ಜೈವಿಕ ಅಂಟಿನ ಸುತ್ತ ಪದರಪದರವಾಗಿ ಕಟ್ಟಿಕೊಂಡ ಗಟ್ಟಿ. ನೀರು ಕುಡಿಯುವುದು ಕಡಿಮೆಯಾದಾಗ, ಲಾಲಾರಸವನ್ನು ಬತ್ತಿಸುವ ಕೆಲವು ಔಷಧಗಳನ್ನು ಸೇವಿಸುವಾಗ, ರಸದ ಹರಿವು ನಿಧಾನವಾದಾಗ ಅದು ಕಟ್ಟುವ ಸಂಭವ ಹೆಚ್ಚು.

ರೋಗದ ಲಕ್ಷಣ ಊಟದ ಎಲೆಯ ಮುಂದೆಯೇ ಗೋಚರಿಸುತ್ತದೆ. ಕುಚ್ಚಲಕ್ಕಿ ಗಂಜಿಯ ಜೊತೆಗೆ ಮಿಡಿಮಾವಿನ ಉಪ್ಪಿನಕಾಯಿಯನ್ನು ನಾಲಿಗೆಗೆ ಮುಟ್ಟಿಸಿದೊಡನೆ ಗ್ರಂಥಿ ರಸವನ್ನು ಬಿಡಲು ತೊಡಗುತ್ತದೆ; ನಾಳದಲ್ಲಿ ಕಲ್ಲು ಅಡ್ಡವಿರುವುದರಿಂದ ರಸಕ್ಕೆ ದಾರಿಯಿಲ್ಲದೆ ಕೆಲವೇ ನಿಮಿಷಗಳಲ್ಲಿ ದವಡೆಯ ಕೆಳಗೆ ಒಂದು ಬದಿಯಲ್ಲಿ ಬಾವು ಏಳುತ್ತದೆ, ಬಿಗಿತದ ನೋವು ಕಿವಿಯವರೆಗೂ ಹರಿಯುತ್ತದೆ, ಊಟ ಮುಗಿದು ಒಂದೆರಡು ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ, ಮುಂದಿನ ಊಟಕ್ಕೆ ಮತ್ತೆ ಏಳುತ್ತದೆ. ಇದನ್ನು ಮೊದಲ ಬಾರಿಗೆ ಕಂಡ ಮನೆಯವರು ಹಲ್ಲುನೋವೆಂದೋ, ಮಕ್ಕಳಾದರೆ ಕರಾವಳಿಯಲ್ಲಿ ಕೆಪ್ಪಟ್ರಾಯವೆನ್ನುವ ಮಂಗನಬಾವೆಂದೋ ಭಾವಿಸುವುದು ಸಹಜ. ಮಂಗನಬಾವು ವೈರಸ್ಸಿನಿಂದ ಬರುವಂಥದು, ಸಾಮಾನ್ಯವಾಗಿ ಕರ್ಣಮೂಲ ಗ್ರಂಥಿಗಳಲ್ಲಿ ಕಾಣಿಸುವಂಥದು, ಒಮ್ಮೆ ಬಂದು ಹೋದರೆ ಬಹುಮಟ್ಟಿಗೆ ಮರಳದಂಥದು. ಊಟಕ್ಕೊಮ್ಮೆ ಎದ್ದು ಇಳಿಯುವ ಬಾವು ಅದಲ್ಲ. ಅನುಭವಿ ವೈದ್ಯರು ರೋಗಿಯ ನಾಲಿಗೆಯ ಮೇಲೆ ನಿಂಬೆರಸದ ಒಂದು ಹನಿಯನ್ನು ಬಿಟ್ಟು, ನಾಲಿಗೆಯನ್ನು ಮೇಲೆತ್ತಿಸಿ, ಅಡಿಯಲ್ಲಿರುವ ಎರಡು ಸಣ್ಣ ಮೊಗ್ಗುಗಳಂಥ ನಾಳದ ಬಾಯಿಗಳನ್ನು ನೋಡುತ್ತಾರೆ: ಒಂದು ಬದಿಯಲ್ಲಿ ತಿಳಿಯಾದ ರಸ ಜಿನುಗುತ್ತದೆ, ಇನ್ನೊಂದು ಬದಿ ಒಣಗಿರುತ್ತದೆ ಅಥವಾ ಒತ್ತಿದಾಗ ಕೀವು ಮಿಶ್ರಿತ ದ್ರವ ಬರುತ್ತದೆ.

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಈ ರೋಗಕ್ಕೆ ಇದ್ದ ಚಿಕಿತ್ಸೆ ಸರಳವೂ ಕಠೋರವೂ ಆಗಿತ್ತು. ಕಲ್ಲು ನಾಳದ ಬಾಯಿಯ ಹತ್ತಿರವಿದ್ದರೆ ಬಾಯೊಳಗಿನಿಂದ ಸಣ್ಣದಾಗಿ ಸೀಳಿ ತೆಗೆಯುತ್ತಿದ್ದರು. ಗ್ರಂಥಿಯ ಹತ್ತಿರವಿದ್ದರೆ, ಬಾವು ಮತ್ತೆ ಮತ್ತೆ ಬರುತ್ತಿದ್ದರೆ, ಕತ್ತಿನಲ್ಲಿ ಕೊಯ್ದು ಗ್ರಂಥಿಯನ್ನೇ ತೆಗೆದುಹಾಕುತ್ತಿದ್ದರು. ಆ ಜಾಗದಲ್ಲಿ ಮೂರು ನರಗಳು ಹತ್ತಿರ ಹತ್ತಿರ ಹಾದುಹೋಗುತ್ತವೆ: ಕೆಳತುಟಿಯ ಮೂಲೆಯನ್ನು ಚಲಿಸುವಂತೆ ಮಾಡುವ ಮುಖನರದ ಕವಲು, ನಾಲಿಗೆಗೆ ಸ್ಪರ್ಶಜ್ಞಾನವನ್ನು ಕೊಡುವ ನರ, ನಾಲಿಗೆಯನ್ನು ಆಡಿಸುವ ನರ. ಕರ್ಣಮೂಲ ಗ್ರಂಥಿಯ ಶಸ್ತ್ರಕ್ರಿಯೆಯಲ್ಲಾದರೋ ಇಡೀ ಮುಖನರವೇ ಗ್ರಂಥಿಯ ನಡುವೆ ಕವಲೊಡೆಯುವುದರಿಂದ ಅಪಾಯ ಇನ್ನೂ ಹೆಚ್ಚು. ನುರಿತ ಕೈಗಳಲ್ಲಿ ಈ ಹಾನಿಗಳು ವಿರಳವಾದರೂ, ನಗುವಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗುವ ಭಯವನ್ನು ಹೊತ್ತುಕೊಂಡೇ ರೋಗಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಕಾಗಿತ್ತು.

1990ರ ದಶಕದ ಆರಂಭದಲ್ಲಿ ಫ್ರಾನ್ಸಿನ ಫಿಲಿಪ್ ಕಾಟ್ಜ್, ಅನಂತರ ಇಸ್ರೇಲಿನ ಓಡೆಡ್ ನಹ್ಲಿಯೆಲಿ ಮತ್ತು ಜಿನೀವಾದ ಫ್ರಾನ್ಸಿಸ್ ಮಾರ್ಷಲ್ ಮೊದಲಾದವರು ನಾಳದ ಒಳಗಡೆಯೇ ಕಣ್ಣು ಹಾಯಿಸುವ ವಿಧಾನವನ್ನು ಬೆಳೆಸಿದರು. ಸೈಯಾಲೆಂಡೋಸ್ಕೋಪಿ ಎಂದು ಕರೆಯುವ ಈ ವಿಧಾನವನ್ನು ಕನ್ನಡದಲ್ಲಿ ಲಾಲಾನಾಳದ ಅಂತರ್ದರ್ಶನವೆನ್ನಬಹುದು. ಇದರಲ್ಲಿ ಬಳಸುವ ದರ್ಶಕನಳಿಗೆಯ ವ್ಯಾಸ ಸುಮಾರು 0.8ರಿಂದ 1.6 ಮಿಲಿಮೀಟರು, ನಾಳದ ಒಳವ್ಯಾಸವೂ ಹೆಚ್ಚುಕಡಿಮೆ ಅಷ್ಟೇ, ನಾಳದ ಬಾಯಿಯಂತೂ ಅದಕ್ಕಿಂತಲೂ ಸಣ್ಣದು. ಆದ್ದರಿಂದ ವೈದ್ಯರು ಮೊದಲು ಆ ಬಾಯಿಯನ್ನು ಒಂದಕ್ಕಿಂತ ಒಂದು ತುಸು ದಪ್ಪವಾದ ಸಲಾಕೆಗಳಿಂದ ಮೆಲ್ಲಮೆಲ್ಲನೆ ಹಿಗ್ಗಿಸುತ್ತಾರೆ, ಆತುರಪಟ್ಟರೆ ನಾಳದ ಗೋಡೆ ಹರಿಯುತ್ತದೆ. ನಳಿಗೆ ಒಳಹೊಕ್ಕ ಮೇಲೆ ಉಪ್ಪುನೀರನ್ನು ಹರಿಸುತ್ತ ಮುಚ್ಚಿಕೊಂಡಿದ್ದ ನಾಳವನ್ನು ತೆರೆದಿಟ್ಟುಕೊಂಡು ಮುಂದೆ ಸಾಗುತ್ತಾರೆ. ಪರದೆಯ ಮೇಲೆ ತಿಳಿಗೆಂಪಿನ ಸುರಂಗದ ಕೊನೆಯಲ್ಲಿ ಹಳದಿ ಛಾಯೆಯ ಕಲ್ಲು ಕಾಣಿಸುತ್ತದೆ. ಮಡಿಸಿಟ್ಟ ಸೂಕ್ಷ್ಮ ತಂತಿಬುಟ್ಟಿಯನ್ನು ಕಲ್ಲಿನ ಪಕ್ಕದಿಂದ ಅದರ ಆಚೆಗೆ ದಾಟಿಸಿ, ಅಲ್ಲಿ ಅರಳಿಸಿ, ಹಿಂದಕ್ಕೆಳೆದುಕೊಂಡಾಗ ಕಲ್ಲು ತಂತಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ದವಡೆಯ ಅಡಿಯ ಗ್ರಂಥಿಯಲ್ಲಿ ಸುಮಾರು 4 ಮಿಲಿಮೀಟರಿನವರೆಗಿನ, ಕರ್ಣಮೂಲ ಗ್ರಂಥಿಯಲ್ಲಿ ಸುಮಾರು 3 ಮಿಲಿಮೀಟರಿನವರೆಗಿನ ಕಲ್ಲುಗಳು ಸಾಮಾನ್ಯವಾಗಿ ಹೀಗೆಯೇ ಬರುತ್ತವೆ. ಅದಕ್ಕಿಂತ ದೊಡ್ಡವನ್ನು ಲೇಸರಿನಿಂದ ಒಡೆದೋ, ದರ್ಶಕನಳಿಗೆಯ ಬೆಳಕನ್ನು ಗುರುತಾಗಿಟ್ಟುಕೊಂಡು ಬಾಯೊಳಗೇ ಚಿಕ್ಕದಾಗಿ ಸೀಳಿಯೋ ತೆಗೆಯುತ್ತಾರೆ. ಹಲವು ರೋಗಿಗಳಿಗೆ ಸ್ಥಳೀಯ ಅರಿವಳಿಕೆಯೇ ಸಾಕಾಗುತ್ತದೆ. ನಾಳ ಕಿರಿದಾದವರಿಗೆ, ಕರ್ಣಮೂಲದ ಬಾವು ಮತ್ತೆ ಮತ್ತೆ ಮರುಕಳಿಸುವ ಮಕ್ಕಳಿಗೆ, ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಅಯೋಡಿನ್ ಪಡೆದು ಗ್ರಂಥಿ ಬಾಧಿತವಾದವರಿಗೆ ನಾಳವನ್ನು ತೊಳೆದು ಔಷಧ ಹರಿಸುವುದಕ್ಕೂ ಇದೇ ಮಾರ್ಗ.

ಇದರ ಹಿಂದಿರುವ ವೈದ್ಯಕೀಯ ತಿಳಿವಳಿಕೆಯೂ ಹೊಸದೇ. ಬಹುಕಾಲ ಬಾತುಕೊಂಡ ಗ್ರಂಥಿ ಕೆಟ್ಟುಹೋಗಿರುತ್ತದೆ, ಆದ್ದರಿಂದ ತೆಗೆದರೆ ನಷ್ಟವಿಲ್ಲವೆಂಬ ಹಳೆಯ ನಂಬಿಕೆ ಪೂರ್ತಿ ನಿಜವಲ್ಲವೆಂದೂ, ಅಡ್ಡಿ ಹೋದ ಮೇಲೆ ಎಷ್ಟೋ ಗ್ರಂಥಿಗಳು ಮತ್ತೆ ರಸವನ್ನು ಸ್ರವಿಸುತ್ತವೆಯೆಂದೂ ಈಗ ತಿಳಿದಿದೆ. ತೂಬಿಗೆ ಕಸ ಕಟ್ಟಿತೆಂದು ಕೆರೆಯನ್ನೇ ಮುಚ್ಚಿಸುವವರು ಯಾವ ಊರಿನಲ್ಲೂ ಇರಲಾರರು. ಗ್ರಂಥಿಯ ವಿಷಯದಲ್ಲಿ ಮಾತ್ರ ದೀರ್ಘಕಾಲ ಹಾಗೆ ಮಾಡಬೇಕಾಗಿ ಬಂದುದಕ್ಕೆ ತೂಬಿನೊಳಗೆ ಇಳಿಯುವ ಸಾಧನವಿಲ್ಲದಿದ್ದುದೇ ಕಾರಣ.

ಭಾರತೀಯ ವೈದ್ಯಶಾಸ್ತ್ರಕ್ಕೆ ಈ ಮಾರ್ಗದ ಕಲ್ಪನೆ ಅಪರಿಚಿತವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಸುಶ್ರುತಸಂಹಿತೆಯು ಶಸ್ತ್ರಕರ್ಮಗಳನ್ನು ಎಂಟಾಗಿ ವಿಂಗಡಿಸುವಾಗ ಕತ್ತರಿಸಿ ತೆಗೆಯುವ ಛೇದನ, ಸೀಳುವ ಭೇದನಗಳನ್ನು ಹೇಳಿದಂತೆಯೇ, ಸಲಾಕೆಯಿಂದ ಒಳದಾರಿಯನ್ನು ಹುಡುಕುವ ಏಷಣವನ್ನೂ ಒಳಗಿರುವುದನ್ನು ಹೊರಗೆಳೆಯುವ ಆಹರಣವನ್ನೂ ಪ್ರತ್ಯೇಕ ಕರ್ಮಗಳಾಗಿ ಹೇಳುತ್ತದೆ. ಆ ಗ್ರಂಥವು ಎಣಿಸುವ 101 ಯಂತ್ರಗಳಲ್ಲಿ 20 ನಾಡೀಯಂತ್ರಗಳು, ಎಂದರೆ ಕೊಳವೆಯಾಕಾರದ ಸಾಧನಗಳು. ಮೈಯ ಸ್ರೋತಸ್ಸುಗಳಲ್ಲಿ, ಎಂದರೆ ನಾಳಗಳಲ್ಲಿ ಸಿಕ್ಕಿಕೊಂಡ ಶಲ್ಯವನ್ನು, ಎಂದರೆ ಹೊರವಸ್ತುವನ್ನು ತೆಗೆಯುವುದು, ಒಳಗಿನ ರೋಗವನ್ನು ನೋಡುವುದು, ಹೀರುವುದು ಇವುಗಳ ಪ್ರಯೋಜನವೆಂದು ಅಲ್ಲಿ ಹೇಳಿದೆ. ಲಾಲಾನಾಳದ ಅಂತರ್ದರ್ಶನದ ಕೆಲಸವೂ ಇವೇ. ಇದರಿಂದ ಸುಶ್ರುತರಿಗೆ ಲಾಲಾನಾಳದ ಕಲ್ಲಿನ ಚಿಕಿತ್ಸೆ ತಿಳಿದಿತ್ತೆಂದು ಹೇಳಿಕೊಳ್ಳುವ ಅಗತ್ಯವಿಲ್ಲ. ಛೇದನಕ್ಕೂ ಆಹರಣಕ್ಕೂ ನಡುವೆ ಆಯ್ಕೆಯಿರುತ್ತದೆಂಬ ಅರಿವು ಅವರಿಗಿತ್ತು, ಅಷ್ಟು ಸಾಕು. ಮೂತ್ರಾಶಯದ ಅಶ್ಮರಿ, ಎಂದರೆ ಕಲ್ಲಿನ ವಿಷಯದಲ್ಲಿ ಆ ಗ್ರಂಥ ಇನ್ನೂ ಮುಂದೆ ಹೋಗುತ್ತದೆ: ಹೊಸದಾದ ಕಲ್ಲು ಔಷಧಕ್ಕೆ ಬಗ್ಗುತ್ತದೆ, ಬೆಳೆದದ್ದಕ್ಕೆ ಮಾತ್ರ ಶಸ್ತ್ರ, ನುರಿತ ವೈದ್ಯನ ಕೈಯಲ್ಲೂ ಸಿದ್ಧಿ ನಿಶ್ಚಿತವಲ್ಲದುದರಿಂದ ಅದನ್ನು ಕೊನೆಯ ಉಪಾಯವೆಂದು ತಿಳಿಯಬೇಕು, ಮಾಡದಿದ್ದರೆ ಮರಣ ಖಚಿತ, ಮಾಡಿದರೆ ಸಂಶಯವೆಂಬ ಸ್ಥಿತಿಯಲ್ಲಿ ಮಾತ್ರ, ಒಡೆಯನ ಅನುಮತಿಯನ್ನು ಪಡೆದು ಕೈಹಚ್ಚಬೇಕು.

ಜೈನ ವೈದ್ಯಗ್ರಂಥಕಾರರು ಇದಕ್ಕೆ ಮತ್ತೊಂದು ಎಚ್ಚರವನ್ನು ಸೇರಿಸಿದರು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಔಷಧಗಳನ್ನು ಹೇಳುವ ಕಲ್ಯಾಣಕಾರಕವನ್ನು ಸಂಸ್ಕೃತದಲ್ಲಿ ರಚಿಸಿದರು. ಆ ಗ್ರಂಥಕ್ಕೆ ಸೇರಿರುವ ಹಿತಾಹಿತಾಧ್ಯಾಯದಲ್ಲಿ ರಾಜಸಭೆಯ ವೈದ್ಯರೆದುರು ಮಾಂಸವು ಔಷಧವೆಂಬ ವಾದವನ್ನು ಖಂಡಿಸಿದ್ದಾರೆ. ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು ಆಧರಿಸಿ ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಕನ್ನಡದಲ್ಲಿ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದನು. ರೋಗಿಯ ನೋವನ್ನು ಕಳೆಯಲು ಇನ್ನೊಂದು ಜೀವಕ್ಕೆ ನೋವು ಕೊಡುವುದು ಅನಿವಾರ್ಯವಲ್ಲದಿದ್ದರೆ ಕೊಡಕೂಡದೆಂಬುದು ಉಗ್ರಾದಿತ್ಯರ ನಿಲುವು. ಆ ನಿಲುವನ್ನು ರೋಗಿಯ ದೇಹಕ್ಕೇ ಅನ್ವಯಿಸಿದರೆ, ಒಂದು ಗ್ರಂಥಿಯ ನೋವನ್ನು ಕಳೆಯಲು ಆ ಗ್ರಂಥಿಯನ್ನೂ ಅದರ ಸುತ್ತಲಿನ ನರಗಳನ್ನೂ ಅಪಾಯಕ್ಕೊಡ್ಡುವುದು ಅನಿವಾರ್ಯವಾಗಿರುವಾಗ ಮಾತ್ರ ಸಲ್ಲುತ್ತದೆಂಬ ನಿರ್ಣಯ ತಾನಾಗಿ ಬರುತ್ತದೆ.

ಈಗ ಮೂಲ ಪ್ರಶ್ನೆಗೆ ಮರಳಬಹುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಪ್ರಕಾರ ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳಿಂದ ಪ್ರಾಣಗಳಿಗೆ ಆಗುವ ಹಾನಿ ಹಿಂಸೆ. ಇಲ್ಲಿ ಎರಡು ಅಂಗಗಳಿವೆ: ಪ್ರಾಣಗಳಿಗಾಗುವ ಹಾನಿಯು ದ್ರವ್ಯಹಿಂಸೆ, ಅದರ ಹಿಂದಿರುವ ಪ್ರಮಾದವು ಭಾವಹಿಂಸೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ, ಜೀವವು ಸಾಯಲಿ ಬದುಕಲಿ, ಯತ್ನಾಚಾರವಿಲ್ಲದವನಿಗೆ ಹಿಂಸೆ ನಿಶ್ಚಿತವೆಂದೂ, ಎಚ್ಚರದಿಂದ ನಡೆಯುವವನಿಗೆ ಹೊರಗಿನ ಹಾನಿ ಮಾತ್ರದಿಂದ ಬಂಧವಿಲ್ಲವೆಂದೂ ಹೇಳಿದರು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ವಿಸ್ತರಿಸಿ, ಒಬ್ಬನು ಅಲ್ಪ ಹಿಂಸೆಯನ್ನು ಮಾಡಿ ಮಹಾಫಲವನ್ನು ಉಣ್ಣಬಹುದು, ಇನ್ನೊಬ್ಬನು ದೊಡ್ಡ ಹಿಂಸೆಯನ್ನು ಮಾಡಿಯೂ ಅಲ್ಪಫಲವನ್ನು ಉಣ್ಣಬಹುದೆಂದು ತೋರಿಸಿದರು. ಇಷ್ಟರಿಂದ ಗಾಯದ ಗಾತ್ರವೇ ಹಿಂಸೆಯ ಗಾತ್ರವಲ್ಲವೆಂಬುದು ಸಿದ್ಧವಾಗುತ್ತದೆ; ಕಿರುಗಾಯದ ಚಿಕಿತ್ಸೆಯನ್ನು ಅದು ಕಿರಿದೆಂಬ ಒಂದೇ ಕಾರಣಕ್ಕೆ ಅಹಿಂಸೆಯೆಂದು ಕರೆಯಲು ಬರುವುದಿಲ್ಲ.

ಆದರೆ ಪ್ರಮಾದವೆಂದರೇನು? ಸಾಮಾನ್ಯವಾಗಿ ಅದನ್ನು ಮರೆವು, ಆಲಸ್ಯ, ಅಜಾಗರೂಕತೆಯೆಂದು ತಿಳಿಯುತ್ತಾರೆ. ಪೂಜ್ಯಪಾದರು ಕರ್ಮಬಂಧದ ಕಾರಣಗಳನ್ನು ವಿವರಿಸುವ ಎಂಟನೆಯ ಅಧ್ಯಾಯದ ಮೊದಲ ಸೂತ್ರದ ವ್ಯಾಖ್ಯಾನದಲ್ಲಿ, ಒಳ್ಳೆಯ ಕಾರ್ಯಗಳಲ್ಲಿ ಆದರವಿಲ್ಲದಿರುವುದನ್ನೇ ಪ್ರಮಾದವೆಂದಿದ್ದಾರೆ. ಈ ವಿವರಣೆಯನ್ನು ಕುರುವನ್ನು ಸೀಳಿದ ವೈದ್ಯನ ದೃಷ್ಟಾಂತದ ಪಕ್ಕದಲ್ಲಿಟ್ಟು ಓದಿದರೆ ತೊಡಕು ಬಿಡಿಸಿಕೊಳ್ಳುತ್ತದೆ. ಆ ವೈದ್ಯನು ನಿರ್ದೋಷಿಯಾದುದು ಅವನಲ್ಲಿ ಕರುಣೆಯಿದ್ದುದರಿಂದ. ಕರುಣೆಯಿರುವವನು ನೋವನ್ನು ಕಡಿಮೆ ಮಾಡುವ ದಾರಿಯಿದೆಯೆಂದು ತಿಳಿದರೆ ಅದರಲ್ಲಿ ಆದರವನ್ನು ತೋರಿಸದೆ ಇರಲಾರ. ಕಲ್ಲನ್ನು ಮಾತ್ರ ತೆಗೆಯಬಹುದಾದ ಉಪಾಯವೊಂದಿದೆಯೆಂದು ಗೊತ್ತಿದ್ದೂ, ಅದನ್ನು ಕಲಿಯುವ ಅಥವಾ ಕಲಿತವರ ಬಳಿಗೆ ಕಳುಹಿಸುವ ಗೋಜಿಗೆ ಹೋಗದೆ, ರೂಢಿಯೆಂಬ ಕಾರಣಕ್ಕೆ ಗ್ರಂಥಿಯನ್ನು ತೆಗೆಯುವವನ ಮನಸ್ಸಿನಲ್ಲಿ ದ್ವೇಷ ಲೇಶವೂ ಇರದಿರಬಹುದು. ಆದರೆ ಒಳಿತಿನಲ್ಲಿ ಅನಾದರವಿದೆ, ಅದೇ ಪ್ರಮಾದ. 1980ರಲ್ಲಿ ಗ್ರಂಥಿಯನ್ನು ತೆಗೆದ ವೈದ್ಯನೂ ಇಂದು ಅದೇ ಕಲ್ಲಿಗೆ ಅದೇ ಗ್ರಂಥಿಯನ್ನು ತೆಗೆಯುವ ವೈದ್ಯನೂ ಒಂದೇ ಶಸ್ತ್ರಕ್ರಿಯೆಯನ್ನು ಮಾಡಿದರೂ ಒಂದೇ ಕರ್ಮವನ್ನು ಮಾಡಿದವರಾಗುವುದಿಲ್ಲ. ನಡುವೆ ಒಂದು ಜ್ಞಾನ ಲೋಕಕ್ಕೆ ಬಂದಿದೆ. ಆ ಜ್ಞಾನವು ನಿನ್ನೆಯ ನಿರ್ದೋಷವಾದ ಗಾಯವನ್ನು ಇಂದು ಸದೋಷವನ್ನಾಗಿ ಮಾಡಬಲ್ಲದು.

ಈ ತರ್ಕ ಎರಡೂ ಕಡೆಗೆ ಕೊಯ್ಯುತ್ತದೆ, ಮತ್ತು ಹಾಗೆ ಕೊಯ್ಯುವುದೇ ಅದರ ಪ್ರಾಮಾಣ್ಯ. ಲಾಲಾಗ್ರಂಥಿಯ ಬಾವುಗಳೆಲ್ಲ ಕಲ್ಲುಗಳಲ್ಲ. ಊಟದೊಡನೆ ಸಂಬಂಧವಿಲ್ಲದೆ ನಿಧಾನವಾಗಿ ಬೆಳೆಯುವ ಗಂಟು ಗಡ್ಡೆಯಾಗಿರಬಹುದು. ಮುಖದ ಒಂದು ಬದಿ ಸೋಲುವುದು, ಗಂಟು ಸುತ್ತಲಿಗೆ ಅಂಟಿಕೊಳ್ಳುವುದು, ಕತ್ತಿನಲ್ಲಿ ಬೇರೆ ಗಂಟುಗಳೇಳುವುದು ಕ್ಯಾನ್ಸರಿನ ಸೂಚನೆಗಳು. ಅಲ್ಲಿ ಅಲ್ಟ್ರಾಸೌಂಡ್ ಮತ್ತು ಸೂಜಿಪರೀಕ್ಷೆಯ ಬಳಿಕ ಸಾಕಷ್ಟು ಅಗಲವಾಗಿ ಕೊಯ್ದು ತೆಗೆಯುವುದೇ ಕರುಣೆಯ ದಾರಿ. ಗಾಯ ಸಣ್ಣದಿರಲೆಂಬ ಮೋಹದಿಂದ ಗಡ್ಡೆಯ ಅಂಶವನ್ನು ಒಳಗೆ ಉಳಿಸುವವನೂ ಪ್ರಮತ್ತನೇ. ಅಂತರ್ದರ್ಶನಕ್ಕೂ ತನ್ನದೇ ಹಾನಿಗಳಿವೆ: ನಾಳ ತೂತಾಗಬಹುದು, ನಾಲಿಗೆಯಡಿ ಬಾವು ಬರಬಹುದು, ಮುಂದೆ ನಾಳ ಕಿರಿದಾಗಬಹುದು, ಕಲ್ಲು ಮರಳಿ ಕಟ್ಟಬಹುದು. ಗ್ರಂಥಿಯ ಒಳಗೇ ಹುದುಗಿದ ದೊಡ್ಡ ಕಲ್ಲಿಗೆ, ಕೀವುಗಟ್ಟಿ ಪೂರ್ತಿ ಹಾಳಾದ ಗ್ರಂಥಿಗೆ ಇಂದಿಗೂ ಛೇದನವೇ ಗತಿಯಾಗಬಹುದು. ಕರಾವಳಿಯಲ್ಲಿ ಇನ್ನೊಂದು ಅಡಚಣೆಯನ್ನೂ ಹೇಳಬೇಕು. ವರ್ಷಗಟ್ಟಲೆ ಅಡಿಕೆ ಜಗಿದು ಬಾಯಿಯ ಒಳಪೊರೆ ನಾರುಗಟ್ಟಿದವರಲ್ಲಿ ಬಾಯಿ ಒಂದೆರಡು ಬೆರಳಿನಷ್ಟೂ ತೆರೆಯುವುದಿಲ್ಲ. ಬಾಯಿ ತೆರೆಯದಿದ್ದರೆ ನಾಲಿಗೆಯಡಿಗೆ ನಳಿಗೆಯನ್ನು ಇಳಿಸುವುದು ಕಷ್ಟ. ತೋಟದ ಬೆಳೆಯೇ ಬದುಕಾಗಿರುವ ಊರುಗಳಲ್ಲಿ ಕಿರುಗಾಯದ ಚಿಕಿತ್ಸೆಯ ಬಾಗಿಲನ್ನು ಆ ಬೆಳೆಯೇ ಮುಚ್ಚುವುದು ಮರುಕ ಹುಟ್ಟಿಸುವ ಸಂಗತಿ.

ದೇಹವನ್ನು ಅಶುಚಿಯೆಂದು ಭಾವಿಸಲು ಕಲಿಸುವ ಧರ್ಮವು ಜೊಲ್ಲಿನ ಗ್ರಂಥಿಯೊಂದನ್ನು ಉಳಿಸುವುದಕ್ಕೆ ಇಷ್ಟು ಬೆಲೆ ಕೊಡಬೇಕೇ ಎಂಬ ಸಂದೇಹವೂ ಏಳಬಹುದು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದಾದ ಅಶುಚಿತ್ವಾನುಪ್ರೇಕ್ಷೆ ಮೈಯ ಮಲಗಳನ್ನು ಚಿಂತಿಸಿ ವೈರಾಗ್ಯವನ್ನು ಬೆಳೆಸಿಕೊಳ್ಳುವ ಸಾಧನೆ; ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗಸಮಿತಿಯು ಉಗುಳನ್ನು ಕೂಡ ಜೀವಜಂತುಗಳಿಲ್ಲದ ಜಾಗವನ್ನು ನೋಡಿ ವಿಸರ್ಜಿಸಬೇಕೆನ್ನುತ್ತದೆ. ಮನೆಗಳ ಎಂಜಲಿನ ಕಟ್ಟಳೆಗಳಂತೂ ಎಲ್ಲ ಮತದವರಿಗೂ ತಿಳಿದವೇ. ಆದರೆ ಬಾಯಿಯಿಂದ ಹೊರಬಿದ್ದ ಮೇಲೆ ಅಶುಚಿಯೆನಿಸುವ ರಸವೇ ಒಳಗಿರುವಾಗ ಅನ್ನವನ್ನು ನೆನೆಸುತ್ತದೆ, ಹಲ್ಲನ್ನು ಕಾಯುತ್ತದೆ, ಮಾತನ್ನು ಸರಾಗಗೊಳಿಸುತ್ತದೆ. ಆಯುರ್ವೇದವು ನಾಲಿಗೆಯಲ್ಲಿ ನೆಲೆಸಿ ರುಚಿಯನ್ನು ತಿಳಿಸುವ ಬೋಧಕ ಕಫವೆಂದು ಗೌರವಿಸಿದುದು ಬಾಯಿಯ ಈ ತೇವವನ್ನೇ. ರಂಜಾನಿನ ಉಪವಾಸದಲ್ಲಿ ನೀರಿನ ಹನಿಯೂ ಸಲ್ಲದೆನ್ನುವ ಇಸ್ಲಾಮಿನ ಕರ್ಮಶಾಸ್ತ್ರ, ತನ್ನ ಬಾಯಿಯ ಉಗುಳನ್ನು ತಾನು ನುಂಗಿದರೆ ಉಪವಾಸ ಮುರಿಯುವುದಿಲ್ಲವೆನ್ನುತ್ತದೆ. ಬಂಟ್ವಾಳದ ಮಸೀದಿಗಳಲ್ಲೂ ಆ ತಿಂಗಳಲ್ಲಿ ಕೇಳಿಬರುವ ಈ ಮಾತಿನ ಹಿಂದೆ, ಒಳಗಿನ ಆ ತೇವ ಹೊರಗಿನಿಂದ ಬಂದ ಆಹಾರವಲ್ಲ, ದೇಹದ್ದೇ ಭಾಗವೆಂಬ ತಿಳಿವು ಇದೆ. ಅಶುಚಿಯ ಚಿಂತನೆಯು ದೇಹದ ಮೋಹವನ್ನು ಬಿಡಿಸುವುದಕ್ಕಾಗಿಯೇ ಹೊರತು ದೇಹವನ್ನು ಹಾಳುಗೆಡವುವುದಕ್ಕಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಕಾರಣವಾಗಬಲ್ಲ ರೋಗವನ್ನು ಹೇಳುವಾಗ ಅದು ಪ್ರತೀಕಾರವಿಲ್ಲದ್ದಾಗಿರಬೇಕೆಂಬ ವಿಶೇಷಣವನ್ನು ಬಿಟ್ಟಿಲ್ಲ. ಪ್ರತೀಕಾರವಿರುವ ರೋಗದಲ್ಲಿ ದೇಹವನ್ನು ಕಾಪಾಡಿಕೊಂಡು ವ್ರತಗಳನ್ನು ನಡೆಸುವುದೇ ಧರ್ಮವೆಂದು ಇದರಿಂದ ತಿಳಿಯುತ್ತದೆ.

ದಿಗಂಬರ ಮುನಿಗಳ ಚರ್ಯೆಯನ್ನು ಗಮನಿಸಿದರೆ ಈ ಪ್ರಶ್ನೆ ಬರಿಯ ಗ್ರಂಥಚರ್ಚೆಯಲ್ಲವೆಂದು ಕಾಣುತ್ತದೆ. ಅವರ 28 ಮೂಲಗುಣಗಳಲ್ಲಿ ನಿಂತುಕೊಂಡು ಉಣ್ಣುವುದು, ದಿನಕ್ಕೆ ಒಮ್ಮೆ ಮಾತ್ರ ಉಣ್ಣುವುದು, ಹಲ್ಲುಜ್ಜದಿರುವುದು ಸೇರಿವೆ. ನೀರೂ ಆ ಒಂದು ಆಹಾರದ ಹೊತ್ತಿನಲ್ಲಿ, ಅಂಗೈಯ ಬೊಗಸೆಯಲ್ಲಿ. ಮೂಡುಬಿದಿರೆಗೋ ವೇಣೂರಿಗೋ ಬೇಸಗೆಯಲ್ಲಿ ವಿಹಾರ ಮಾಡುತ್ತ ಬರುವ ಮುನಿಯ ಬಾಯಿ ಎಷ್ಟು ಒಣಗಿರುತ್ತದೆಂಬುದನ್ನು ಊಹಿಸಬಹುದು. ಔಷಧವನ್ನೂ ಆಹಾರದೊಡನೆಯೇ ಕೊಡಬೇಕಾಗುವ ಆ ಸ್ಥಿತಿಯಲ್ಲಿ, ರೋಗಿಯಾದ ಸಂಯಮಿಯ ಸೇವೆಯೆಂಬ ವೈಯಾವೃತ್ತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿದ ಪರಂಪರೆಯ ಶ್ರಾವಕರಿಗೆ, ಆಹಾರದ ಜೊತೆಗೆ ಸಾಕಷ್ಟು ಶುದ್ಧ ನೀರು ಸಲ್ಲುವಂತೆ ನೋಡಿಕೊಳ್ಳುವುದರಿಂದಲೇ, ಬಾತ ಗ್ರಂಥಿಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲನೆ ನೀವುವುದರಿಂದಲೇ ಸಣ್ಣ ಕಲ್ಲೊಂದು ತಾನಾಗಿ ಜಾರುವಂತೆ ಮಾಡಲು ಸಾಧ್ಯ. ಎಲ್ಲಕ್ಕಿಂತ ಕಡಿಮೆ ಗಾಯದ ಚಿಕಿತ್ಸೆ ಇದೇ, ಮತ್ತು ವೈದ್ಯರು ಗೃಹಸ್ಥರಿಗೂ ಮೊದಲು ಹೇಳುವುದು ಇದನ್ನೇ.

ಔಷಧದಾನದ ಮಾತು ಉಳಿದಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಕನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಭಕ್ತರು ಅವುಗಳ ದರ್ಶನ ಪಡೆದು ಕೈಮುಗಿಯುತ್ತಿದ್ದರು, ಓದುವವರು ಇರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಮೊದಲಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ 1959ರವರೆಗೆ 16 ಸಂಪುಟಗಳು ಅಚ್ಚಾದ ಮೇಲೆ ಆ ಶಾಸ್ತ್ರ ಲೋಕಕ್ಕೆ ದಾನವಾಯಿತು. ಕಾಪಾಡಿದವರ ಋಣ ದೊಡ್ಡದು, ಆದರೆ ಶಾಸ್ತ್ರದಾನ ಪೂರ್ಣಗೊಂಡದ್ದು ಬೇಕಾದವರ ಕೈಗೆ ಅದು ತಲುಪಿದಾಗ. ಔಷಧದಾನಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 2004ರಲ್ಲಿ ಆರಂಭಿಸಿದ ಸಂಪೂರ್ಣ ಸುರಕ್ಷಾ ಆರೋಗ್ಯ ವಿಮೆಯಂಥ ಪ್ರಯತ್ನಗಳು ಹಣದ ಅಡ್ಡಿಯನ್ನು ಬಹುಮಟ್ಟಿಗೆ ಕಡಿಮೆ ಮಾಡಿವೆ. ತಿಳಿವಿನ ಅಡ್ಡಿ ಬೇರೆಯದೇ. ಬಂಟ್ವಾಳದಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯಿಂದ ಸುಮಾರು 35, ಬೆಳ್ತಂಗಡಿಯಿಂದ ಬಿ.ಸಿ. ರೋಡಿನ ಮೇಲೆ ಹಾದು ಸುಮಾರು 60. ಬೀಡಿ ಕಟ್ಟುವ ಹೆಂಗಸೊಬ್ಬಳು ಒಂದು ದಿನದ ಕೂಲಿಯನ್ನು ಬಿಟ್ಟು ಆ ದಾರಿಯನ್ನು ಹಿಡಿಯಬೇಕಾದರೆ, ತನ್ನ ಬಾವು ಹಲ್ಲಿನದಲ್ಲ, ಅದಕ್ಕೆ ಕತ್ತು ಕೊಯ್ಯಿಸಲೇಬೇಕೆಂದೇನೂ ಇಲ್ಲ ಎಂಬುದನ್ನು ಊರಿನ ವೈದ್ಯರ ಬಾಯಿಂದ ಕೇಳಿರಬೇಕು.

ಅದಕ್ಕೆ ಊರಿನ ವೈದ್ಯರು ಅಂತರ್ದರ್ಶನವನ್ನು ಕಲಿತಿರಬೇಕಾಗಿಲ್ಲ; ಎರಡು ಕೈಗಳಿಂದ, ಒಂದು ಬೆರಳನ್ನು ನಾಲಿಗೆಯಡಿಯಲ್ಲೂ ಇನ್ನೊಂದು ಕೈಯನ್ನು ದವಡೆಯ ಹೊರಗೂ ಇಟ್ಟು ಕಲ್ಲನ್ನು ತಡವಿ ನೋಡುವಷ್ಟು ವ್ಯವಧಾನ ಸಾಕು. ಅನಂತರ ಅವರು ಬರೆದುಕೊಡುವ ಚೀಟಿಯಲ್ಲಿ ಬಾವು ಯಾವ ಬದಿಯದು, ಊಟದೊಡನೆ ಏಳುತ್ತದೆಯೇ, ಎಷ್ಟು ತಿಂಗಳಿನಿಂದ ಇದೆ, ಜ್ವರವೋ ಕೀವೋ ಇದೆಯೇ, ಅಲ್ಟ್ರಾಸೌಂಡಿನಲ್ಲಿ ಕಲ್ಲಿನ ಅಳತೆ ಎಷ್ಟು ಮಿಲಿಮೀಟರ್, ಅದು ನಾಳದಲ್ಲಿದೆಯೋ ಗ್ರಂಥಿಯಲ್ಲಿದೆಯೋ, ಬಾಯಿ ಎಷ್ಟು ಬೆರಳಿನಷ್ಟು ತೆರೆಯುತ್ತದೆ ಎಂಬಿಷ್ಟು ವಿವರಗಳಿದ್ದು, ಗ್ರಂಥಿಯನ್ನು ಉಳಿಸಲು ಸಾಧ್ಯವೇ ನೋಡಬೇಕೆಂಬ ಒಂದು ಸಾಲಿದ್ದರೆ, ಔಷಧದಾನದ ಮೊದಲ ಪಾಲು ಆ ತಾಲೂಕಿನಲ್ಲಿಯೇ ಸಂದಿರುತ್ತದೆ.